ಪಕ್ಕದ ಸೀಟಿನಿಂದ ಎದ್ದು ಹೋಗುವ ಕೆಲಸ

ಅಕ್ಟೋಬರ್ ತಿಂಗಳ ಬೆಳಗು, ಏಳೂಕಾಲು ಗಂಟೆ. ಇಂಗ್ಲೆಂಡಿನ ಸ್ಟೋಕ್ ನಗರದ ಕೋಬ್ರಿಜ್‌ನ ಬಸ್ ಸ್ಟಾಪಿನಲ್ಲಿ ಬೀದಿದೀಪ ಇನ್ನೂ ಆರಿಲ್ಲ. ಮಳೆ ಜಿನುಗುತ್ತಿದೆ. ಹಸಿರು ರೇನ್‌ಕೋಟಿನ ಟೋಪಿಯನ್ನು ಹಿಂದಕ್ಕೆ ಸರಿಸಿಕೊಂಡು ಲಿನೆಟ್ ಷೆರಟ್ ಎದುರು ಸಾಲಿನ ಇಟ್ಟಿಗೆ ಮನೆಯೊಂದರ ಬಾಗಿಲನ್ನೇ ನೋಡುತ್ತಿದ್ದಾರೆ. ಲಾಂಗ್ಟನ್‌ನ ತಮ್ಮ ಮನೆಯಿಂದ ಎರಡು ಬಸ್ ಹಿಡಿದು ಅವರು ಇಲ್ಲಿಗೆ ಬಂದಾಗಿದೆ. ಬಾಗಿಲು ತೆರೆಯುತ್ತದೆ. ಕೆಂಪು ಬ್ಯಾಗು ಹೊತ್ತ ಹದಿನಾರರ ಸಿದ್ರಾ ಹೊರಗೆ ಕಾಲಿಡುತ್ತಾಳೆ. ಅವಳ ಬೆನ್ನಿಗೇ ಅಪ್ಪ ಝಹೂರ್, ಕೈಯಲ್ಲಿ ಟ್ಯಾಕ್ಸಿ ಕೀ.

ಸಿದ್ರಾ ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಮತ್ತೊಮ್ಮೆ ಎಡಕ್ಕೆ ನೋಡಿ ರಸ್ತೆ ದಾಟುತ್ತಾಳೆ.

"ಲಿನೆಟ್ ಆಂಟಿ, ಬಸ್ ಯಾವಾಗ ಬರುತ್ತೆ?"

"ನನ್ನ ಕೇಳ್ಬೇಡ ಮರಿ. ನಾನಿವತ್ತು ಬರೀ ಲಗೇಜು. ಲಗೇಜು ಮಾತಾಡುತ್ತಾ?"

ಸಿದ್ರಾಗೆ ನಗು ಬರುತ್ತದೆ. ಅವಳೇ ಫಲಕದತ್ತ ಹೋಗಿ ಬೆರಳಿಟ್ಟು ಓದುತ್ತಾಳೆ. ಮೊದಲು ಬೇರೆ ನಂಬರಿನ ಬಸ್ಸೊಂದು ಬರುತ್ತದೆ. ಅವಳ ಕೈ ಅರ್ಧ ಮೇಲೇರಿ ನಿಲ್ಲುತ್ತದೆ. ಲಿನೆಟ್ ತಮ್ಮ ಬೂಟಿನ ತುದಿ ನೋಡುತ್ತಾ ನಿಂತಿದ್ದಾರೆ. ಹೌದು ಅಂತಲೂ ಇಲ್ಲ, ಅಲ್ಲ ಅಂತಲೂ ಇಲ್ಲ. ಕೈ ನಿಧಾನವಾಗಿ ಕೆಳಗಿಳಿಯುತ್ತದೆ. ನಾಲ್ಕು ನಿಮಿಷ ಬಿಟ್ಟು ಬಂದ ಬಸ್ಸಿಗೆ ಅದು ಪೂರ್ತಿ ಮೇಲೇಳುತ್ತದೆ. ಸಿದ್ರಾ ಪಾಸು ತೋರಿಸಿ ಮೂರನೇ ಸಾಲಿನಲ್ಲಿ ಕೂರುತ್ತಾಳೆ. ಲಿನೆಟ್ ಅಪರಿಚಿತರ ಹಾಗೆ ಅವಳನ್ನು ದಾಟಿ ಹೋಗಿ ಹಿಂದೆಲ್ಲೋ ಕೂರುತ್ತಾರೆ.

ಇದು ಲಿನೆಟ್ ಅವರ ಉದ್ಯೋಗ. ಕಲಿಕೆಯ ತೊಡಕಿರುವ ಹುಡುಗ ಹುಡುಗಿಯರು ಹದಿನಾರಕ್ಕೆ ಶಾಲೆ ಮುಗಿಸಿ ಕಾಲೇಜಿಗೆ ಕಾಲಿಡುವಾಗ ಅವರಿಗೆ ಒಬ್ಬರೇ ಬಸ್ಸಿನಲ್ಲಿ ಓಡಾಡುವುದನ್ನು ಕಲಿಸುವುದು. ಅಲ್ಲಿಯವರೆಗೆ ಶಾಲೆಯ ಟ್ಯಾಕ್ಸಿ ಮನೆ ಬಾಗಿಲಿಗೆ ಬರುತ್ತಿತ್ತು, ಪಕ್ಕದಲ್ಲಿ ದೊಡ್ಡವರೊಬ್ಬರು ಕೂರುತ್ತಿದ್ದರು. ಕಾಲೇಜಿನಲ್ಲಿ ಪಾಠ ಹೇಳುವವರಿದ್ದಾರೆ, ಕಷ್ಟ ಸುಖ ಕೇಳುವವರಿದ್ದಾರೆ. ಆದರೆ ಅವರೆಲ್ಲ ಗೇಟಿನ ಒಳಗೆ. ಗೇಟಿನ ಹೊರಗಿನದೆಲ್ಲ ಲಿನೆಟ್ ಪಾಲಿಗೆ.

ಕ್ರಮ ಸರಳ. ಮೊದಲ ಎರಡು ವಾರ ಅವರು ಮಗುವಿನ ಪಕ್ಕದ ಸೀಟಿನಲ್ಲಿ. ಆಮೇಲೆ ಹಿಂದಿನ ಸೀಟಿನಲ್ಲಿ. ಆಮೇಲೆ ಬಸ್ಸಿನ ಮಹಡಿಯಲ್ಲಿ, ಕಣ್ಣಿಗೆ ಬೀಳದ ಹಾಗೆ. ಆಮೇಲೆ ಕಾಲೇಜಿನ ಗೇಟಿನಲ್ಲಿ ಕಾಯುತ್ತಾ. ಕೊನೆಗೆ ಎಲ್ಲಿಯೂ ಇಲ್ಲ. ಕೆಲವರಿಗೆ ಆರು ವಾರ ಸಾಕು, ಕೆಲವರಿಗೆ ಆರು ತಿಂಗಳು.

"ಪಕ್ಕದಲ್ಲಿ ಕೂರೋದು ಯಾರ್ ಬೇಕಾದ್ರೂ ಮಾಡ್ತಾರೆ. ಎದ್ದು ಹೋಗೋದಿದ್ಯಲ್ಲ, ಅದಕ್ಕೆ ನನಗೆ ಸಂಬಳ" ಎನ್ನುತ್ತಾರೆ ಲಿನೆಟ್.

ದಿನಕ್ಕೆ ಎಂಟು, ಕೆಲವೊಮ್ಮೆ ಹತ್ತು ಬಸ್ಸು. ಒಂದೇ ಹೊತ್ತಿಗೆ ನಾಲ್ಕು ಮಕ್ಕಳು, ನಾಲ್ಕು ದಾರಿ. ಎಡ ಮಂಡಿ ಮೆಟ್ಟಿಲೇರುವಾಗ ದೂರು ಹೇಳುತ್ತದೆ. ವರ್ಷಕ್ಕೆ ಎರಡು ಜೊತೆ ಬೂಟು ಸವೆಯುತ್ತವೆ. ಬೇಸಿಗೆಯ ರಜೆಯಲ್ಲಿ ಕೆಲಸವಿಲ್ಲ, ಆಗ ಪರಿಚಯದವರ ಕೆಫೆಯೊಂದರಲ್ಲಿ ಪಾತ್ರೆ ತೊಳೆಯಲು ಹೋಗುತ್ತಾರೆ. ಹನ್ನೊಂದು ವರ್ಷದಲ್ಲಿ ನೂರ ಅರವತ್ತೆಂಟು ಮಕ್ಕಳನ್ನು ಅವರು ಬಸ್ಸು ಹತ್ತಿಸಿದ್ದಾರೆ. ಹನ್ನೆರಡು ಮಂದಿಗೆ ಕೈಗೂಡಲಿಲ್ಲ. ಗೆದ್ದವರ ಹೆಸರುಗಳಲ್ಲಿ ಎಷ್ಟೋ ಮರೆತುಹೋಗಿವೆ, ಆ ಹನ್ನೆರಡು ಹೆಸರು ಮಾತ್ರ ಬಾಯಿಪಾಠ.

ಈಗ ಅರವತ್ತೊಂದರ ಲಿನೆಟ್ ಹುಟ್ಟಿದ್ದು, ಬೆಳೆದದ್ದು ಸ್ಟೋಕ್‌ನ ಪಿಂಗಾಣಿ ಕಾರ್ಖಾನೆಗಳ ನಡುವೆ. ಶಾಲೆ ಬಿಟ್ಟ ಮರುವಾರವೇ ಕಾರ್ಖಾನೆ ಸೇರಿದರು. ಇಪ್ಪತ್ತೇಳು ವರ್ಷ ಕಪ್‌-ಸಾಸರುಗಳ ಅಂಚಿಗೆ ಚಿನ್ನದ ಗೆರೆ ಎಳೆದರು. ಬಲಗೈಯಲ್ಲಿ ಕುಂಚ, ಎಡಗೈಯಲ್ಲಿ ತಿರುಗುವ ತಟ್ಟೆ. ಉಸಿರು ಬಿಗಿಹಿಡಿದು ಒಂದೇ ಸುತ್ತಿಗೆ ಗೆರೆ ಮುಗಿಯಬೇಕು. ಒಂದು ದಿನ ಕಾರ್ಖಾನೆಗೆ ಬೀಗ ಬಿತ್ತು. ಲಿನೆಟ್ ಬೇರೆ ದಾರಿಯಿಲ್ಲದೆ ಶಾಲಾ ಟ್ಯಾಕ್ಸಿಗಳಲ್ಲಿ ಮಕ್ಕಳ ಜೊತೆ ಕೂರುವ ಕೆಲಸಕ್ಕೆ ಸೇರಿಕೊಂಡರು.

ಆದರೆ ಈ ವಿದ್ಯೆ ಅವರಿಗೆ ಬಂದದ್ದು ಅಲ್ಲಿಂದಲ್ಲ, ಅಣ್ಣ ನೆವಿಲ್‌ನಿಂದ. ನೆವಿಲ್‌ನ ಬುದ್ಧಿ ಏಳು ವರ್ಷದ ಮಗುವಿನದು ಎಂದು ಯಾವ ಕಾಲದಲ್ಲೋ ಡಾಕ್ಟರೊಬ್ಬರು ಹೇಳಿದ್ದರು. ಅಮ್ಮ ಆ ಮಾತನ್ನು ನಂಬಿ, ಅವನ ಕೈಯನ್ನು ನಲವತ್ತೆಂಟು ವರ್ಷ ಹಿಡಿದೇ ಇದ್ದರು. ಅಮ್ಮ ತೀರಿಕೊಂಡ ಮೇಲೆ ಪ್ರತಿ ಶನಿವಾರ ಬೆಳಗ್ಗೆ ನೆವಿಲ್ ಕೋಟು ಹಾಕಿಕೊಂಡು ಬಾಗಿಲ ಹತ್ತಿರ ನಿಲ್ಲುತ್ತಿದ್ದ. ಅಮ್ಮನ ಜೊತೆ ಓಟ್‌ಕೇಕ್, ಅಂದರೆ ಓಟ್ಸ್ ಹಿಟ್ಟಿನ ದೋಸೆ, ತರಲು ಹೋಗುವ ದಿನವದು. ಅಂಗಡಿ ಇರುವುದು ನಾನ್ನೂರು ಹೆಜ್ಜೆ ದೂರದಲ್ಲಿ, ನಡುವೆ ಒಂದೇ ಒಂದು ರಸ್ತೆ.

"ನಾನೇ ಕರ್ಕೊಂಡು ಹೋಗ್ಬಹುದಿತ್ತು" ಎನ್ನುತ್ತಾರೆ ಲಿನೆಟ್. "ಆಮೇಲೆ ಯೋಚನೆ ಬಂತು, ನಾನೂ ಹೋದ್ಮೇಲೆ ಇವನು ಮತ್ತೆ ಕೋಟು ಹಾಕ್ಕೊಂಡು ಹಿಂಗೇ ನಿಂತಿರ್ತಾನಲ್ಲಾ ಅಂತ."

ಐದು ತಿಂಗಳು ಹಿಡಿಯಿತು. ಮೊದಲು ಪಕ್ಕದಲ್ಲಿ, ಆಮೇಲೆ ಹತ್ತು ಹೆಜ್ಜೆ ಹಿಂದೆ, ಆಮೇಲೆ ಬೇಲಿಯ ಮರೆಯಲ್ಲಿ. ಕೊನೆಗೊಂದು ಶನಿವಾರ ನೆವಿಲ್ ಒಬ್ಬನೇ ಹೋಗಿ, ಕಾಗದದಲ್ಲಿ ಸುತ್ತಿದ ಆರು ಬಿಸಿ ಓಟ್‌ಕೇಕುಗಳನ್ನು ಎದೆಗೆ ಅವಚಿಕೊಂಡು ತಂದ. ಚೀಸು, ಬೇಕನ್ ಹಾಕಿ ಸುರುಳಿ ಸುತ್ತಿ ಇಬ್ಬರೂ ನಿಂತೇ ತಿಂದರು. ನಗರಸಭೆ ಮಕ್ಕಳಿಗೆ ಪ್ರಯಾಣ ಕಲಿಸುವವರು ಬೇಕೆಂದು ಕರೆದಾಗ, ಸಂದರ್ಶನದಲ್ಲಿ ಅನುಭವ ಏನೆಂದು ಕೇಳಿದರಂತೆ. ಲಿನೆಟ್ ಈ ಓಟ್‌ಕೇಕಿನ ಕಥೆ ಹೇಳಿದರು. ಬೇರೇನೂ ಹೇಳಲು ಇರಲಿಲ್ಲ.

ಸಿದ್ರಾಳ ಕಥೆಗೆ ಬರೋಣ. ಅವಳಿಗೆ ಓದುವುದು ನಿಧಾನ, ಗಡಿಯಾರ ಇನ್ನೂ ನಿಧಾನ. ಅಂದುಕೊಂಡದ್ದು ಅಂದುಕೊಂಡ ಹಾಗೆ ನಡೆಯದಿದ್ದರೆ ನಿಂತಲ್ಲೇ ಕಲ್ಲಾಗಿಬಿಡುತ್ತಾಳೆ. ಅಡುಗೆ ಕಲಿಯಬೇಕೆಂಬ ಆಸೆಯಿಂದ ಕಾಲೇಜು ಸೇರಿದವಳು. ಆದರೆ ಸೆಪ್ಟೆಂಬರ್ ಪೂರ್ತಿ ಅಪ್ಪನ ಕಾರಿನಲ್ಲಿ ತರಗತಿ ಶುರುವಾಗುವ ನಿಮಿಷಕ್ಕೆ ಹೋಗಿ, ಮುಗಿದ ನಿಮಿಷಕ್ಕೆ ಬಂದಳು. ಬಸ್ಸಿಗೆ ಕಾಯುತ್ತಾ ಹರಟುವ ಗುಂಪುಗಳಲ್ಲಿ ಅವಳಿಗೆ ಜಾಗವೇ ಸಿಗಲಿಲ್ಲ. ಲಿನೆಟ್ ಬಂದದ್ದು ಆಮೇಲೆ. ಝಹೂರ್ ಇಪ್ಪತ್ತು ವರ್ಷದಿಂದ ಊರಿನ ಮಕ್ಕಳನ್ನೆಲ್ಲ ಟ್ಯಾಕ್ಸಿಯಲ್ಲಿ ಕರೆದೊಯ್ದವರು. ತಮ್ಮ ಮಗಳನ್ನು ಬಸ್ಸಿಗೆ ಬಿಡಲು ಮಾತ್ರ ಅವರಿಗೆ ಮನಸ್ಸಿಲ್ಲ.

ಆ ಜಿನುಗು ಮಳೆಯ ಬೆಳಗ್ಗೆಯೂ ಲಿನೆಟ್ ಕಿಟಕಿಯಲ್ಲಿ ಇಣುಕಿದರೆ ಬಸ್ಸಿನ ಹಿಂದೆಯೇ ಝಹೂರ್ ಟ್ಯಾಕ್ಸಿ. ಹ್ಯಾನ್ಲಿಯಲ್ಲಿ ಬಸ್ಸು ಬದಲಿಸುವ ಜಾಗ ಬಂದಾಗ, ಸಿದ್ರಾ ಸರಿಯಾದ ಸ್ಟಾಪಿನಲ್ಲಿ ನಿಂತದ್ದನ್ನು ನೋಡಿಕೊಂಡು ಲಿನೆಟ್ ಹೋಗಿ ಕಾರಿನ ಗಾಜು ತಟ್ಟುತ್ತಾರೆ.

"ಬಾಡಿಗೆ ಇದ್ಯಾ ಝಹೂರ್?"

"ಇಲ್ಲ... ಇದೆ, ಇದೆ. ಈ ಕಡೆಗೇ ಒಂದು ಬಾಡಿಗೆ."

"ಹಿಂದಿನ ಸೀಟು ಖಾಲಿ ಕಾಣ್ತಿದೆ. ಕುಳ್ಳಗಿದ್ದಾರಾ?"

ಝಹೂರ್ ಸ್ಟೀರಿಂಗ್ ಮೇಲೆ ಹಣೆಯಿಟ್ಟು ನಕ್ಕುಬಿಡುತ್ತಾರೆ. "ಏನ್ ಮಾಡ್ಲಿ ಲಿನೆಟ್, ಕೈ ತಾನೇ ತಿರುಗ್ಸುತ್ತೆ."

"ನಿಮಗೂ ನಾನೇ ಪಾಠ ಹೇಳ್ಬೇಕು. ಮೊದಲನೇ ಪಾಠ, ಮನೇಲಿ ಕೂತು ಟೀ ಕುಡಿಯೋದು. ಹೋಗಿ, ಹೋಗಿ."

ಮುಂದಿನ ವಾರ ಲಿನೆಟ್ ಮಹಡಿಗೆ ಹೋದರು. ಅದರ ಮುಂದಿನ ಗುರುವಾರ ಸಿದ್ರಾ ಮೊದಲ ಬಾರಿಗೆ ಒಬ್ಬಳೇ. ಅವಳ ಜೇಬಿನಲ್ಲಿ ಲಿನೆಟ್ ಬರೆದುಕೊಟ್ಟ ಒಂದು ಕಾರ್ಡು: 'ಏನಾದರೂ ಬದಲಾದರೆ, ನಿಲ್ಲು. ಮೂರು ಸಲ ಉಸಿರು ತಗೋ. ಯೂನಿಫಾರ್ಮ್ ಹಾಕಿದವರನ್ನು ಕೇಳು.' ಲಿನೆಟ್ ಎಂಟು ಗಂಟೆಗೇ ಕಾಲೇಜಿನ ಗೇಟಿಗೆ ಬಂದು ನಿಂತರು.

ಎಂಟು ಇಪ್ಪತ್ತಕ್ಕೆ ಬರಬೇಕಿದ್ದ ಬಸ್ಸು ಬರಲಿಲ್ಲ. ಎಂಟೂವರೆಗೂ ಇಲ್ಲ. ಆಮೇಲೆ ಮಕ್ಕಳ ಒಂದು ಗುಂಪು ಕೆಳಗಿನ ರಸ್ತೆಯಿಂದ ನಡೆದುಕೊಂಡು ಬಂತು. ನೀರಿನ ಪೈಪು ಒಡೆದು ರಸ್ತೆ ಬಂದ್ ಆಗಿದೆ, ಬಸ್ಸು ಎಲ್ಲರನ್ನೂ ಗುಡ್ಡದ ಬುಡದಲ್ಲೇ ಇಳಿಸಿ ಬೇರೆ ದಾರಿ ಹಿಡಿಯಿತು ಎಂದರು.

"ಕೆಂಪು ಬ್ಯಾಗಿನ ಹುಡುಗಿ ಇದ್ಲಾ?"

"ಇದ್ಲು. ಇಳಿದು ಅಲ್ಲೇ ಸ್ಟಾಪಲ್ಲಿ ನಿಂತ್ಕೊಂಡ್ಲು. ಕರೆದ್ರೂ ಮಾತಾಡ್ಲಿಲ್ಲ."

ಲಿನೆಟ್ ಫೋನ್ ಮಾಡಿದರು. ಸಿದ್ರಾ ಎತ್ತಲಿಲ್ಲ. ರಸ್ತೆಯಲ್ಲಿರುವಾಗ ಫೋನ್ ಹೊರತೆಗೆಯಬಾರದು ಎಂದು ಕಲಿಸಿದವರು ಇವರೇ. ಅಷ್ಟರಲ್ಲಿ ಝಹೂರ್ ಟ್ಯಾಕ್ಸಿ ಬಂದು ನಿಂತಿತು. ಈ ಸಲ ಅವರು ಬಾಡಿಗೆಯ ನೆಪ ಹೇಳಲಿಲ್ಲ.

"ಎಲ್ಲಿ ಅವಳು?"

"ಗುಡ್ಡದ ಕೆಳಗೆ. ಬರ್ತಾಳೆ."

"ಕಲ್ಲಾಗಿ ನಿಂತಿರ್ತಾಳೆ, ನನಗೊತ್ತು. ಹತ್ತಿ ಕಾರು, ಎರಡು ನಿಮಿಷದ ದಾರಿ."

"ಒಂಬತ್ತರವರೆಗೆ ಕಾಯೋಣ ಝಹೂರ್. ಆಮೇಲೆ ನಾನೇ ಓಡ್ತೀನಿ."

"ನಿಮ್ಮ ಮಗಳಾಗಿದ್ರೆ ಹಿಂಗೇ ನಿಂತಿರ್ತಿದ್ರಾ ಲಿನೆಟ್?"

ಈ ಮಾತನ್ನು ಲಿನೆಟ್ ಹನ್ನೊಂದು ವರ್ಷದಲ್ಲಿ ಬೇರೆ ಬೇರೆ ಬಾಯಿಂದ ಕೇಳಿದ್ದಾರೆ. ಅವರಿಗೆ ಮಕ್ಕಳಿಲ್ಲ. ಹನ್ನೆರಡು ಹೆಸರುಗಳಲ್ಲಿ ಒಬ್ಬ ಹುಡುಗನನ್ನು ಹೀಗೆಯೇ ಕಾದು, ಕೊನೆಗೆ ಮಧ್ಯಾಹ್ನ ಬೇರೊಂದು ಊರಿನ ಬಸ್ ಡಿಪೋದಲ್ಲಿ ಅಳುತ್ತಾ ಕೂತಿದ್ದವನನ್ನು ಕರೆತಂದದ್ದು ಅವರಿಗೆ ನೆನಪಾಯಿತು. ಅವನು ಮತ್ತೆಂದೂ ಬಸ್ಸು ಹತ್ತಲಿಲ್ಲ. "ಆ ಇಪ್ಪತ್ತು ನಿಮಿಷದಲ್ಲಿ ಎರಡು ಸಲ ನನ್ನ ಕೈ ಕಾರಿನ ಬಾಗಿಲಿಗೆ ಹೋಗಿತ್ತು" ಎಂದು ಈಗ ಒಪ್ಪಿಕೊಳ್ಳುತ್ತಾರೆ. "ಅಲುಗದೆ ಚಿನ್ನದ ಗೆರೆ ಎಳೆದ ಕೈ ಇದು. ಜೇಬಲ್ಲಿ ಬಚ್ಚಿಟ್ಕೊಂಡೆ, ಅವರಪ್ಪ ನೋಡ್ಬಾರ್ದು ಅಂತ."

ಒಂಬತ್ತಕ್ಕೆ ನಾಲ್ಕು ನಿಮಿಷ ಇರುವಾಗ ರಸ್ತೆಯ ತಿರುವಿನಲ್ಲಿ ಕೆಂಪು ಬ್ಯಾಗು ಕಾಣಿಸಿತು. ಸಿದ್ರಾ ಒಬ್ಬಳೇ ಇರಲಿಲ್ಲ. ಪಕ್ಕದಲ್ಲಿ ತನಗಿಂತ ಅಗಲವಾದ ಚಿತ್ರಗಳ ಫೈಲನ್ನು ಗಾಳಿಗೆ ಹಿಡಿಯಲಾರದೆ ಹಿಡಿದುಕೊಂಡ ಹುಡುಗಿಯೊಬ್ಬಳಿದ್ದಳು. ಹೆಸರು ಟಿಲ್ಡಾ, ಕಲಾ ವಿಭಾಗ.

ನಡೆದದ್ದು ಇಷ್ಟು. ಸಿದ್ರಾ ಕಲ್ಲಾಗಿ ನಿಂತದ್ದು ನಿಜ. ಆಮೇಲೆ ಕಾರ್ಡು ತೆಗೆದಳು. ನಿಂತದ್ದಂತೂ ಆಗಿತ್ತು. ಮೂರು ಸಲ ಉಸಿರೆಳೆದಳು. ಯೂನಿಫಾರ್ಮಿನವರಿಗಾಗಿ ಸುತ್ತ ನೋಡಿದಳು. ಪೊಲೀಸರಿಲ್ಲ, ಬಸ್ಸಿನವರಿಲ್ಲ. ರಸ್ತೆ ಅಗೆಯುತ್ತಿದ್ದ ನಾಲ್ಕು ಮಂದಿ ಮಾತ್ರ ಒಂದೇ ಥರದ ಕಿತ್ತಳೆ ಜಾಕೆಟ್ ಹಾಕಿಕೊಂಡಿದ್ದರು. ನಾಲ್ಕೂ ಜನ ಒಂದೇ ಥರ ಹಾಕಿದ ಮೇಲೆ ಅದು ಯೂನಿಫಾರ್ಮೇ ತಾನೆ! ಅವರ ಪೈಕಿ ಒಬ್ಬರು ಗುಂಡಿಯಿಂದ ಮೇಲೆ ಹತ್ತಿ ಬಂದು, ಕೆಸರುಗೈಯಲ್ಲೇ ಗುಡ್ಡದ ದಾರಿ ತೋರಿಸಿದರು. ಸಿದ್ರಾ ಹೊರಟಳು. ಅಷ್ಟರಲ್ಲಿ ಮುಂದಿನ ಬಸ್ಸಿನಿಂದಿಳಿದು, ಚಾರ್ಜು ಮುಗಿದ ಫೋನು ಹಿಡಿದು ಅತ್ತಿತ್ತ ನೋಡುತ್ತಿದ್ದ ಟಿಲ್ಡಾ ಕೇಳಿದಳು: "ಏಯ್, ನಿಂಗೆ ಕಾಲೇಜಿಗೆ ದಾರಿ ಗೊತ್ತಾ?"

ಸಿದ್ರಾಳನ್ನು ಯಾರಾದರೂ ದಾರಿ ಕೇಳಿದ್ದು ಹುಟ್ಟಿದಾಗಿನಿಂದ ಅದೇ ಮೊದಲು.

"ಗೊತ್ತು, ಬಾ" ಎಂದಳಂತೆ.

ಗೇಟಿನ ಹತ್ತಿರ ಅಪ್ಪನನ್ನು ಕಂಡು ಅವಳ ಹುಬ್ಬು ಗಂಟಾಯಿತು. "ಅಬ್ಬೂ, ನೀವ್ಯಾಕೆ ಬಂದ್ರಿ? ನಂಗೆ ಲೇಟಾಗಿದೆ, ಆಮೇಲೆ ಮಾತಾಡ್ತೀನಿ." ಅಷ್ಟು ಹೇಳಿ, ಟಿಲ್ಡಾಳ ಫೈಲಿನ ಒಂದು ತುದಿ ಹಿಡಿದುಕೊಂಡು ಒಳಗೆ ನಡೆದೇಬಿಟ್ಟಳು. ಝಹೂರ್ ಒಂದು ಬಟ್ಟೆ ತುಂಡು ಹಿಡಿದು ಕಾರಿನ ಮುಂದಿನ ಗಾಜು ಒರೆಸತೊಡಗಿದರು. ಗಾಜು ಸ್ವಚ್ಛವಾಗಿಯೇ ಇತ್ತು. ಲಿನೆಟ್ ಇನ್ನೊಂದು ಕಡೆಗೆ ತಿರುಗಿ ನಿಂತರು, ಅವರು ಒರೆಸಿ ಮುಗಿಸುವವರೆಗೆ.

ಆ ಸಂಜೆಯೇ ಲಿನೆಟ್ ತಮ್ಮ ಕಾರ್ಡುಗಳನ್ನೆಲ್ಲ ಹರಡಿಕೊಂಡು ಪ್ರತಿಯೊಂದರ ಕೊನೆಗೂ ಒಂದು ಸಾಲು ಸೇರಿಸಿದರು: 'ಕಿತ್ತಳೆ ಜಾಕೆಟ್ ಹಾಕಿದವರೂ ಆಗಬಹುದು.' ಇಷ್ಟು ವರ್ಷ ತಮಗೆ ಹೊಳೆಯದೇ ಇದ್ದದ್ದನ್ನು ಸಿದ್ರಾ ಕಲಿಸಿದಳು ಎಂದು ಸಿಕ್ಕವರಿಗೆಲ್ಲ ಹೇಳುತ್ತಾರೆ.

ಇನ್ನೆರಡು ವರ್ಷಕ್ಕೆ ನಿವೃತ್ತಿ. ತಮ್ಮ ಜಾಗಕ್ಕೆ ಒಬ್ಬರನ್ನು ಈಗಲೇ ಕೊಟ್ಟರೆ ಅವರಿಗೂ ಪಕ್ಕದಲ್ಲಿ ಕೂತು ಕಲಿಸಿ, ಆಮೇಲೆ ಹಿಂದಿನ ಸೀಟಿಗೆ ಹೋಗಬಹುದಿತ್ತು ಎಂಬುದೊಂದೇ ಅವರ ಬೇಡಿಕೆ. ನಗರಸಭೆಗೆ ಎರಡು ಪತ್ರ ಬರೆದಿದ್ದಾರೆ. ಮೂರನೆಯದನ್ನೂ ಬರೆಯುತ್ತಾರಂತೆ.

ನವೆಂಬರ್ ಕೊನೆಯ ಒಂದು ಮಧ್ಯಾಹ್ನ ಹ್ಯಾನ್ಲಿಯ ಬಸ್ ನಿಲ್ದಾಣದಲ್ಲಿ ಲಿನೆಟ್ ಹೊಸ ಹುಡುಗನೊಬ್ಬನ ಪಕ್ಕದಲ್ಲಿ ಕೂತಿದ್ದಾರೆ. ಇವನಿಗೆ ಇದು ಎರಡನೇ ದಿನ. ಬಸ್ಸಿನ ಬಾಗಿಲು ತೆರೆಯುವ ಸದ್ದಿಗೇ ಹೆದರುತ್ತಾನೆ. ಆ ಕಡೆಯ ಬಾಗಿಲಿನಿಂದ ನಾಲ್ಕೈದು ಹುಡುಗಿಯರ ಗುಂಪು ಬರುತ್ತದೆ. ಒಂದೇ ಪೊಟ್ಟಣದ ಚಿಪ್ಸಿಗೆ ಎಲ್ಲರ ಕೈ, ಎಲ್ಲರ ಬಾಯಲ್ಲೂ ಮಾತು. ನಡುವೆ ಸಿದ್ರಾ. ಅವಳು ಲಿನೆಟ್‌ರನ್ನು ಕಾಣುತ್ತಾಳೆ. ಅರೆಕ್ಷಣ ಹುಬ್ಬು ಮೇಲೇರುತ್ತದೆ, ಅಷ್ಟೇ. ತಕ್ಷಣ ಮುಖ ತಿರುಗಿಸಿ, ಗೆಳತಿಯ ಯಾವುದೋ ಮಾತಿಗೆ ಬೇಕೆಂದೇ ಜೋರಾಗಿ ನಗುತ್ತಾ ದಾಟಿ ಹೋಗುತ್ತಾಳೆ.

ಲಿನೆಟ್ ಅವಳನ್ನು ಕರೆಯುವುದಿಲ್ಲ. ಗುಂಪು ಬಸ್ಸು ಹತ್ತುವವರೆಗೂ ನೋಡುತ್ತಾರೆ. ಅವರ ಮುಖ ಅರಳುತ್ತದೆ.

"ನೋಡಿದ್ರಾ? ನನ್ನ ಗುರುತಿದೆ ಅಂತ ತೋರಿಸ್ಕೊಳ್ಳೋಕೆ ನಾಚಿಕೆ ಅವಳಿಗೆ!" ಎನ್ನುತ್ತಾರೆ ನನ್ನತ್ತ ತಿರುಗಿ. "ಹದಿನಾರರ ಕಾಲೇಜು ಹುಡುಗಿ ಅಂದ್ರೆ ಹಂಗಿರ್ಬೇಕು."