ಬಿತ್ತನೆ ಕೋಠಿಯ ಅಕ್ಕ

ಕಳೆದ ತಿಂಗಳು ಚಿಂತಾಮಣಿಯಲ್ಲಿ ಒಂದು ಮದುವೆಗೆ ಹೊರಟಿದ್ದೆ. ಬಸ್ಸು ಶಿಡ್ಲಘಟ್ಟದಲ್ಲಿ ನಿಂತಾಗ ಕಿಟಕಿಯಿಂದ ಆ ವಾಸನೆ ಬಂತು. ಬೇಯಿಸಿದ ರೇಷ್ಮೆಗೂಡಿನ, ಒಣಗಲು ಹರವಿದ ಹುಳುವಿನ ವಾಸನೆ. ಪಕ್ಕದವರು ಮೂಗಿಗೆ ಕರವಸ್ತ್ರ ಹಿಡಿದರು. ನನಗೆ ಅಕ್ಕ ನೆನಪಾದರು.

ಐವತ್ತರ ದಶಕದ ಕೊನೆಯಲ್ಲಿ, ಬಿ.ಎಸ್‌ಸಿ. ಮುಗಿಸಿದ ಹೊಸದರಲ್ಲಿ, ನಾನು ಅಲ್ಲಿನ ಒಂದು ಬಿತ್ತನೆ ಕೋಠಿಗೆ ಸೇರಿದೆ. ರೈತರಿಗೆ ಕೊಡುವ ರೇಷ್ಮೆಹುಳುವಿನ ಮೊಟ್ಟೆ ತಯಾರಾಗುವ ಜಾಗ ಅದು. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು, ಒಂದು ಹನಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಗಂಟುರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡಬೇಕು. ಕಣ್ತಪ್ಪಿ ಒಂದು ಹೊರಗೆ ಹೋದರೂ ಯಾರದೋ ಮನೆಯ ಹುಳುವೆಲ್ಲ ಸಾಯುತ್ತಿತ್ತು.

ಆ ಕೆಲಸದಲ್ಲಿ ಎಲ್ಲರಿಗಿಂತ ಹಿರಿಯರಾದ ಹೆಂಗಸನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಎಸ್ಸೆಸ್ಸೆಲ್ಸಿ ಓದಿದ್ದರು. ಗಂಡ ಬೇಗ ತೀರಿಕೊಂಡಿದ್ದರು. ಹದಿನಾಲ್ಕು ವರ್ಷ ದುಡಿದಿದ್ದರೂ ಅವರ ಕೆಲಸ ಖಾಯಂ ಆಗಿರಲಿಲ್ಲ. ಕಾಲೇಜಿನಲ್ಲಿ ಎರಡೋ ಮೂರೋ ಸಲ ಸೂಕ್ಷ್ಮದರ್ಶಕ ಮುಟ್ಟಿದ್ದ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವರು ಅವರೇ.

“ಗುಂಡಗಿರೋದೆಲ್ಲ ರೋಗ ಅಲ್ಲಪ್ಪ. ಕೊಬ್ಬಿನ ಹನಿ ಆದ್ರೆ ಚಿಕ್ಕದು ದೊಡ್ಡದು ಇರ್ತವೆ. ರೋಗದ ಕಣ ಎಲ್ಲಾ ಒಂದೇ ಅಳತೆ. ಅವಸರ ಮಾಡ್ಬೇಡ, ನೋಡು.”

ಆರು ವರ್ಷ ಹಾಗೆ ನೋಡಿದೆ… ಒಂದು ದಿನ ಇಂಗ್ಲಿಷ್ ಪೇಪರಿನಲ್ಲಿ ಬೆಂಗಳೂರಿನ ದೊಡ್ಡ ಔಷಧಿ ಕಂಪನಿಯೊಂದರ ಜಾಹೀರಾತು ಕಂಡಿತು. ಔಷಧಿಯಲ್ಲಿ ಕ್ರಿಮಿ ಸೇರಿದೆಯೇ ಎಂದು ಪರೀಕ್ಷಿಸುವ ವಿಭಾಗಕ್ಕೆ ಹಿರಿಯ ತಜ್ಞರು ಬೇಕಾಗಿದ್ದರು. ಸೂಕ್ಷ್ಮದರ್ಶಕದಲ್ಲಿ ದೀರ್ಘ ಅನುಭವವಿರಬೇಕು, ಪದವಿ ಇದ್ದರೆ ಒಳ್ಳೆಯದು ಎಂದಿತ್ತು. ಅಕ್ಕನಿಗೆ ಓದಿ ಹೇಳಿದೆ.

“ಇರಲೇಬೇಕು ಅಂತ ಹಾಕಿಲ್ವಲ್ಲ?” ಎಂದರು.

“ಇಲ್ಲಕ್ಕ.”

“ಹಂಗಾದ್ರೆ ನನ್ನ ಹೆಸ್ರಲ್ಲೂ ಒಂದು ಅರ್ಜಿ ಬರಿ ನಾಯನಾ” ಎಂದರು, ಮಗನನ್ನು ಕರೆಯುವ ಹಾಗೆ.

ಎರಡೂ ಅರ್ಜಿಗಳನ್ನು ನಾನೇ ಬರೆದೆ. ಇಬ್ಬರಿಗೂ ಒಂದೇ ದಿನ ಮಧ್ಯಾಹ್ನಕ್ಕೆ ಸಂದರ್ಶನದ ಕರೆ ಬಂತು. ಬೆಳಗಿನ ಸಣ್ಣ ರೈಲು ಹತ್ತಿದೆವು. ಅಕ್ಕ ನೀಲಿ ಅಂಚಿನ ಹೊಸ ಸೀರೆ ಉಟ್ಟಿದ್ದರು. ಚಿಕ್ಕಬಳ್ಳಾಪುರ ದಾಟಿದ ಮೇಲೆ ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಿಚ್ಚಿದರು. ನಂದಿ ನಿಲ್ದಾಣದಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ತಡವಾದೀತೆಂದು ಅಕ್ಕ ಮತ್ತೆ ಮತ್ತೆ ತಲೆ ಹೊರಗೆ ಹಾಕಿ ನೋಡುತ್ತಿದ್ದರು.

ಕಂಪನಿಯಲ್ಲಿ ಅವರನ್ನು ನನಗಿಂತ ಮುಂಚೆ ಒಳಗೆ ಕರೆದರು. ಹೊರಗೆ ಬಂದಾಗ ಹಣೆ ಬೆವೆತಿತ್ತು. “ಏನ್ ಕೇಳಿದ್ರಕ್ಕ?” ಎಂದೆ.

“ಎಲ್ಲಾ ಇಂಗ್ಲಿಷಲ್ಲೇ ಕೇಳ್ತಾರೆ. ನಾನು ಕನ್ನಡದಲ್ಲಿ ಹೇಳ್ದೆ, ಒಬ್ರಿಗೆ ಅರ್ಥ ಆಯ್ತು. ಆಮೇಲೆ ನೋಡೋಕೆ ಕೊಡ್ತಾರೆ. ನಿಂಗೆ ಬರುತ್ತೆ, ಹೋಗು.”

ಒಳಗೆ ಮೂವರು ಕೂತಿದ್ದರು. ಓದಿನ ಬಗ್ಗೆ ಕೇಳಿ, ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಗಾಜಿನ ತುಂಬ ಹೊಳೆಯುವ ಗುಂಡು ಚುಕ್ಕಿಗಳು. ಕ್ರಿಮಿ ಎನ್ನಲು ಬಾಯಿ ತೆರೆದವನು ತಡೆದುಕೊಂಡೆ. ಮತ್ತೆ ನೋಡಿದೆ. ಚಿಕ್ಕದೂ ಇತ್ತು, ದೊಡ್ಡದೂ ಇತ್ತು. “ಇದು ಕೊಬ್ಬು, ಕ್ರಿಮಿಯಲ್ಲ” ಎಂದೆ.

ನಡುವೆ ಕೂತಿದ್ದವರು ನಕ್ಕರು. ಇವತ್ತು ಸರಿಯಾಗಿ ಹೇಳಿದವರು ಇಬ್ಬರೇ, ನೀವು ಮತ್ತು ಈಗ ಹೋದ ಆ ಹೆಂಗಸು, ಎಂದರು. ಆಮೇಲೆ, ಎಲ್ಲಿ ಕಲಿತಿರಿ ಎಂದು ಕೇಳಿದರು.

ಅದರ ಉತ್ತರ, ಬಾಗಿಲಾಚೆ ಬೆಂಚಿನ ಮೇಲೆ ಕೂತಿತ್ತು. ನಾನು “ಅನುಭವದಿಂದ ಸಾರ್” ಎಂದೆ.

ಯಾಕೆ ಹಾಗೆಂದೆ… ಭಯವೋ, ಆಸೆಯೋ. ಎರಡೂ ಇತ್ತು.

ಹದಿನೈದು ದಿನಕ್ಕೆ ನನಗೆ ಆರ್ಡರ್ ಬಂತು. ಅಕ್ಕನಿಗೆ ಎರಡು ಸಾಲಿನ ಕಾಗದ, ಪದವಿ ಇಲ್ಲದ್ದರಿಂದ ಆಯ್ಕೆ ಮಾಡಲಾಗಲಿಲ್ಲ ಎಂದು. ಅದನ್ನು ಕನ್ನಡದಲ್ಲಿ ಹೇಳಿದವನೂ ನಾನೇ. ಆಗ ತಡೆಯಲಾರದೆ ಸಂದರ್ಶನದ ಕೋಣೆಯಲ್ಲಿ ನಡೆದದ್ದನ್ನೂ ಹೇಳಿಬಿಟ್ಟೆ.

ಅಕ್ಕ ನೋಡುತ್ತಿದ್ದ ಗಾಜನ್ನು ಪಕ್ಕಕ್ಕಿಟ್ಟರು. “ನೀನು ನನ್ನ ಹೆಸ್ರು ಹೇಳಿದ್ರೂ ನಂಗೆ ಡಿಗ್ರಿ ಬರ್ತಿರಲಿಲ್ಲ ಬಿಡು” ಎಂದರು. ನನಗೆ ಹಗುರವಾಯಿತು. ನನ್ನ ಮುಖದಲ್ಲಿ ಅದು ಕಂಡಿರಬೇಕು. “ಆದ್ರೆ ನಿನ್ನ ಜೊತೆಗೆ ಅಂತ ಬಂದಿದ್ದೆ ಅಂದ್ಕೋಬೇಡ. ಕೆಲ್ಸ ಬೇಕು ಅಂತ್ಲೇ ಬಂದಿದ್ದೆ ಕಣಪ್ಪ” ಎಂದು ಮುಂದಿನ ಗಾಜು ಎತ್ತಿಕೊಂಡರು.

ಕಂಪನಿಯಲ್ಲಿ ಇಪ್ಪತ್ತೆಂಟು ವರ್ಷ ಇದ್ದೆ. ಮೊದಲ ಯುಗಾದಿಗೆ ಅಕ್ಕನಿಗೆ ಒಂದು ಕಾಗದ ಬರೆದೆ. ಉತ್ತರ ಬರಲಿಲ್ಲ. ಮತ್ತೆ ಬರೆಯಲಿಲ್ಲ, ನೋಡಲೂ ಹೋಗಲಿಲ್ಲ.

ಚಿಂತಾಮಣಿಯ ಮದುವೆಯಲ್ಲಿ ಶಿಡ್ಲಘಟ್ಟದವರೊಬ್ಬರು ಸಿಕ್ಕರು. ವಿಚಾರಿಸಿದೆ. ಅಕ್ಕ ತೀರಿಕೊಂಡು ಬಹಳ ವರ್ಷವಾಯಿತಂತೆ. ಕೈಲಾಗುವವರೆಗೂ ಕೋಠಿಯಲ್ಲೇ ಕೆಲಸ ಮಾಡುತ್ತಿದ್ದರಂತೆ.

“ನಿಮಗೇನಾಗ್ಬೇಕು ಅವರು?” ಎಂದರು.

“ನನಗೆ ಕೆಲಸ ಕಲಿಸಿದೋರು ಅವರೇ” ಎಂದೆ.

“ಹೌದಾ?” ಎಂದು ಅವರು ಎದ್ದರು. ಊಟದ ಪಂಕ್ತಿಗೆ ಕರೆಯುತ್ತಿದ್ದರು.