ಹದಿನಾರನೇ ಗ್ರೀನಿನ ಬಿಳಿ ಚುಕ್ಕೆ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಇಬ್ಬನಿ ಒರೆಸಿ, ಕತ್ತರಿಸಿ, ರೋಲರ್ ಹಾಯಿಸಿದ ಹುಲ್ಲು ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಮಲಗಿದೆ. ಅದರ ಮೇಲೆ ಐವತ್ತೆರಡು ವರ್ಷದ ಹೆಂಗಸೊಬ್ಬರು ಬೂಟು ಕಳಚಿಟ್ಟು ಬರೀ ಕಾಲುಚೀಲದಲ್ಲಿ ನಿಂತಿದ್ದಾರೆ. ನೆಲದ ಇಳಿಜಾರು ಕಣ್ಣಿಗಿಂತ ಪಾದಕ್ಕೆ ಚೆನ್ನಾಗಿ ಗೊತ್ತಾಗುತ್ತದಂತೆ. ಎದುರಿಗೆ ಬೆರಳ ತುದಿಯಷ್ಟು ಬಿಳಿ ಬಣ್ಣದ ಚುಕ್ಕೆ. ಇಲ್ಲೇ ಗುಂಡಿ ಕೊರೆಯಬೇಕು ಎಂದು ಪಂದ್ಯದ ಅಧಿಕಾರಿ ನಿನ್ನೆ ಸಂಜೆ ಇಟ್ಟು ಹೋದ ಗುರುತು ಅದು.

ಅವರು ಜೇಬಿನಿಂದ ಒಂದು ಚೆಂಡು ತೆಗೆಯುತ್ತಾರೆ. ಇಳಿಜಾರಿನಲ್ಲಿ ಚುಕ್ಕೆಯಿಂದ ಒಂದು ಮಾರು ಮೇಲೆ ಕುಕ್ಕರುಗಾಲಲ್ಲಿ ಕೂತು, ಅದನ್ನು ನೆಲದ ಮೇಲಿಟ್ಟು ಕೈ ಬಿಡುತ್ತಾರೆ. ಚೆಂಡು ಯೋಚಿಸುವವರ ಹಾಗೆ ನಿಧಾನಕ್ಕೆ ಹೊರಡುತ್ತದೆ, ಚುಕ್ಕೆಯನ್ನು ದಾಟುತ್ತದೆ, ನಿಲ್ಲುವುದಿಲ್ಲ. ಗ್ರೀನಿನ, ಅಂದರೆ ಗುಂಡಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲುಹಾಸಿನ, ಅಂಚು ದಾಟಿ ಕೊಳಕ್ಕೆ ಬೀಳುತ್ತದೆ. ಗುಳುಂ.

ಎರಡನೇ ಚೆಂಡೂ ಹಾಗೇ. ಮೂರನೆಯದು ಜೇಬಿನಲ್ಲೇ ಉಳಿಯುತ್ತದೆ.

ಇಲ್ಲಿ ಇವರನ್ನು ಎಲ್ಲರೂ ಕರೆಯುವುದು ಗುಂಡಿಯಕ್ಕ ಎಂದು. ಸಂಬಳದ ಚೀಟಿಯಲ್ಲಿರುವ ಹೆಸರು ಕೂಗಿದರೆ ತಾವೇ ಎರಡು ಸಲ ತಿರುಗಿ ನೋಡಬೇಕಾಗುತ್ತದೆ ಎಂದು ನಗುತ್ತಾರೆ. ಈ ಗಾಲ್ಫ್ ಮೈದಾನದಲ್ಲಿ ಹತ್ತೊಂಬತ್ತು ವರ್ಷದ ಕೆಲಸ. ಅದರಲ್ಲಿ ಹನ್ನೊಂದು ವರ್ಷ ಗುಂಡಿ ಕೊರೆದದ್ದೇ.

ಗಾಲ್ಫ್ ಆಟವನ್ನು ಟೀವಿಯಲ್ಲಿ ನೋಡಿದವರಿಗೂ ಒಂದು ವಿಷಯ ಹೊಳೆದಿರಲಿಕ್ಕಿಲ್ಲ. ಬಾವುಟ ನೆಟ್ಟ ಆ ಗುಂಡಿ ದಿನವೂ ಒಂದೇ ಜಾಗದಲ್ಲಿ ಇರುವುದಿಲ್ಲ. ಮರಳಿನ ಹೊಂಡ, ಮೊಣಕಾಲೆತ್ತರದ ಹುಲ್ಲು, ಕೊಳ, ಇವೆಲ್ಲ ಇದ್ದಲ್ಲೇ ಇರುತ್ತವೆ. ಆಟಗಾರರು ಒಂದೆರಡು ದಿನದಲ್ಲಿ ಅವುಗಳ ಗುಟ್ಟು ತಿಳಿದುಕೊಳ್ಳುತ್ತಾರೆ. ಗುಂಡಿ ಮಾತ್ರ ರಾತ್ರಿ ಕಳೆದು ಬೆಳಗಾಗುವುದರಲ್ಲಿ ಜಾಗ ಬದಲಿಸಿರುತ್ತದೆ. ನಿನ್ನೆ ಬಯಲಿನಲ್ಲಿದ್ದದ್ದು ಇವತ್ತು ಕೊಳದ ದಡಕ್ಕೆ ಬಂದು ಕೂತಿರುತ್ತದೆ. ದೊಡ್ಡ ಪಂದ್ಯವೆಂದರೆ ನಾಲ್ಕು ದಿನ, ದಿನಕ್ಕೆ ಹದಿನೆಂಟು, ಒಟ್ಟು ಎಪ್ಪತ್ತೆರಡು ಗುಂಡಿ. ಒಂದೊಂದರ ಅಗಲ ನಾಲ್ಕೂಕಾಲು ಇಂಚು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗುವಂತಿಲ್ಲ.

"ಕೊರೆಯೋದು ಏನು ಮಹಾ, ಯಾರು ಬೇಕಾದ್ರೂ ಕೊರೀಬಹುದು," ಎನ್ನುತ್ತಾರೆ ಗುಂಡಿಯಕ್ಕ. "ಮುಚ್ಚೋದು ಕಷ್ಟ."

ಹೊಸ ಜಾಗದಲ್ಲಿ ಗುಂಡಿ ಕೊರೆಯುವ ಉಕ್ಕಿನ ಕೊಳವೆ ಒತ್ತಿ ತೆಗೆದ ಮಣ್ಣಿನ ಮುದ್ದೆಯನ್ನು, ತಲೆ ಮೇಲಿನ ಹುಲ್ಲಿನ ಸಮೇತ, ಹಳೆಯ ಗುಂಡಿಗೆ ಇಳಿಸಬೇಕು. ತಗ್ಗಾದರೆ ಚೆಂಡು ಮುಗ್ಗರಿಸುತ್ತದೆ, ಉಬ್ಬಿದರೆ ಹಾರುತ್ತದೆ. ಕಳೆದ ವರ್ಷ ಅವರ ಕೈ ತಪ್ಪಿದ್ದು ಅಲ್ಲಿಯೇ.

ಪಂದ್ಯದ ಮೂರನೇ ದಿನ. ಹನ್ನೊಂದನೇ ಗ್ರೀನು. ಹಿಂದಿನ ದಿನ ಮುಚ್ಚಿದ ಗುಂಡಿಯೊಂದು ಸ್ವಲ್ಪ ಕುಸಿದಿತ್ತು. "ಇದೂ ತಗ್ಗಾದ್ರೆ ಅಂತ ಹೆದರಿ, ತಳಕ್ಕೆ ಒಂದು ಹಿಡಿ ಮಣ್ಣು ಜಾಸ್ತಿ ಹಾಕಿದೆ. ಮೇಲಿಂದ ನೀರೂ ಹೊಯ್ದೆ. ಬೆಳಿಗ್ಗೆ ಸವರಿ ನೋಡಿದಾಗ ಸರಿಯಾಗೇ ಇತ್ತು." ಮಧ್ಯಾಹ್ನದ ಹೊತ್ತಿಗೆ ಮಣ್ಣು ಉಬ್ಬಿಕೊಂಡು ಒಂದು ನಾಣ್ಯದಷ್ಟು ಮೇಲೆದ್ದಿತ್ತು. ಮೊದಲ ಸ್ಥಾನದಲ್ಲಿದ್ದ ಆಟಗಾರನ ಚೆಂಡು ಅದಕ್ಕೆ ತಾಗಿ, ಸಣ್ಣಗೆ ನೆಗೆದು, ಗುಂಡಿಯ ಪಕ್ಕಕ್ಕೆ ಸರಿದುಹೋಯಿತು. ಅವನು ಬಗ್ಗಿ ಆ ಹುಲ್ಲನ್ನು ಬೆರಳಿನಿಂದ ಮುಟ್ಟಿದ್ದನ್ನು ಟೀವಿಯವರು ತೋರಿಸಿದ್ದೇ ತೋರಿಸಿದ್ದು.

ಮರುದಿನವೇ ಕೊಳವೆ ಅವರ ಕೈಯಿಂದ ಹೋಯಿತು. ಒಂದು ವರ್ಷ ಮರಳಿನ ಹೊಂಡಗಳನ್ನು ಕುಂಟೆಯಿಂದ ಎಳೆದು ಸಮ ಮಾಡುವ ಕೆಲಸ. ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು ಎನ್ನುತ್ತಾರೆ.

ಮನೆಯಲ್ಲಿ ಗಂಡ ಕ್ಷೌರಿಕ. ಎರಡು ಕೋಣೆಯ ಮನೆ, ಮುಂದಿನ ಕೋಣೆಯೇ ಅಂಗಡಿ. ಕನ್ನಡಿ, ತಿರುಗುವ ಕುರ್ಚಿ, ಸುದ್ದಿ ಓದಲೆಂದೇ ಬಂದು ಕೂರುವ ನಾಲ್ಕು ಜನ. ಆ ವಾರ ಗಿರಾಕಿಗಳೆಲ್ಲ ಅದೇ ಚೆಂಡಿನ ಮಾತಾಡುತ್ತಿದ್ದರೆ ಆತ ತುಟಿ ಪಿಟಕ್ಕೆನ್ನದೆ ಕತ್ತರಿ ಆಡಿಸಿದರಂತೆ. ರಾತ್ರಿ ಊಟಕ್ಕೆ ಕೂತಾಗ ಮಾತ್ರ, "ಅಲ್ಲ ಕಣೇ, ಕೂದಲು ಕತ್ತರಿಸೋದು ನನ್ನ ಕೆಲಸ, ಹುಲ್ಲು ಕತ್ತರಿಸೋದು ನಿನ್ನ ಕೆಲಸ. ನನ್ನ ತಪ್ಪು ಹದಿನೈದು ದಿನದಲ್ಲಿ ಬೆಳ್ಕೊಂಡು ಮುಚ್ಚಿಹೋಗುತ್ತೆ. ನಿನ್ನದು ನೋಡು, ಟೀವಿಗೇ ಬಂತು," ಎಂದರು. ಆಗ ಅತ್ತದ್ದೋ ನಕ್ಕದ್ದೋ ನೆನಪಿಲ್ಲ ಎನ್ನುತ್ತಾರೆ ಗುಂಡಿಯಕ್ಕ.

ಈ ವರ್ಷ ಗುಂಡಿ ಕೊರೆಯುತ್ತಿದ್ದವನ ಬೆನ್ನು ಹಿಡಿದುಕೊಂಡಿತು. ಪಂದ್ಯಕ್ಕೆ ಎರಡು ದಿನವಿರುವಾಗ ಅಧಿಕಾರಿ ಇವರನ್ನು ಕರೆಸಿದರು. "ಈ ಸಲ ಒಂದೇ ಒಂದು ಮಾತು ಬರಬಾರದು ನೋಡಿಮ್ಮ," ಎಂದಷ್ಟೇ ಹೇಳಿ ಕೊಳವೆ ಕೊಟ್ಟರು. ಮೂರು ದಿನ, ಐವತ್ನಾಲ್ಕು ಗುಂಡಿ, ಒಂದು ಮಾತೂ ಬರಲಿಲ್ಲ. ಇವತ್ತು ಕೊನೆಯ ದಿನ. ಹದಿನೈದು ಮುಗಿದಿವೆ, ಹದಿನಾರನೆಯದರ ಮುಂದೆ ಅವರು ಮೂರನೇ ಚೆಂಡನ್ನು ಜೇಬಿನಲ್ಲಿಟ್ಟುಕೊಂಡು ನಿಂತಿದ್ದಾರೆ.

"ಯಾಕಕ್ಕ, ಕೊಳಕ್ಕೆ ಚೆಂಡಿನ ನೈವೇದ್ಯನಾ?" ರೋಲರ್ ಓಡಿಸುವ ಸಹೋದ್ಯೋಗಿ ಎಂಜಿನ್ ನಿಲ್ಲಿಸಿ ಕೇಳುತ್ತಾನೆ.

"ಇವತ್ತು ನೀನು ಎಷ್ಟು ಸಲ ಓಡಿಸಿದೆ?"

"ಎರಡು ಸಲ. ಕೊನೇ ದಿನ ಅಲ್ವಾ, ಹುಲ್ಲು ಗಾಜಿನ ಥರ ಇರ್ಬೇಕು ಅಂದ್ರು."

"ಅದೇ ಮತ್ತೆ. ಅವರು ಚುಕ್ಕೆ ಇಟ್ಟಿದ್ದು ನಿನ್ನೆ ಸಂಜೆಯ ಹುಲ್ಲಿಗೆ. ಇವತ್ತಿನದು ಅದಕ್ಕಿಂತ ಜಾರುತ್ತೆ."

"ಇಟ್ಟಲ್ಲಿ ಕೊರೆದು ಸುಮ್ನೆ ಬಾ ಅಕ್ಕ. ಚುಕ್ಕೆ ಅವರದು, ತಪ್ಪೂ ಅವರದ್ದೇ ಆಗುತ್ತೆ. ಹೋದ ವರ್ಷದ್ದು ಸಾಲದಾ ನಿಂಗೆ?"

ಅವನು ಹೇಳುವುದರಲ್ಲಿ ಹುರುಳಿದೆ. ಹದಿನೆಂಟು ಗುಂಡಿಗಳ ಜಾಗ ತೋರಿಸುವ ಹಾಳೆ ಆಗಲೇ ಅಚ್ಚಾಗಿದೆ. ಏಳೂವರೆಗೆ ಮೊದಲ ಆಟಗಾರ ಅದನ್ನು ಕೈಯಲ್ಲಿ ಹಿಡಿದು ಹೊರಡುತ್ತಾನೆ. ಒಂದು ಗುಂಡಿ ಸರಿಸಿದರೂ ಎಲ್ಲ ಹಾಳೆಗಳನ್ನೂ ಹೊಸದಾಗಿ ತೆಗೆಯಬೇಕು. ಅದನ್ನು ಮಾಡಿ ಎನ್ನುವವರು ಯಾರು? ಕಳೆದ ವರ್ಷ ಮಾನ ಕಳೆದ ಗುಂಡಿಯಕ್ಕ. ಬಾಯಿ ಬಿಟ್ಟು ತಾನೇ ತಪ್ಪಾದರೆ ಮತ್ತೆ ಮರಳಿನ ಹೊಂಡ, ಅದೂ ಕೆಲಸವಿರುವ ತನಕ.

ಅವರು ವಾಕಿಟಾಕಿ ಎತ್ತಿಕೊಳ್ಳುತ್ತಾರೆ. "ಸರ್, ಹದಿನಾರಕ್ಕೆ ಒಂದು ಸಲ ಬರ್ತೀರಾ?"

ಅಧಿಕಾರಿ ಬಂದದ್ದು ಕೈಯಲ್ಲಿ ಅರ್ಧ ಕುಡಿದ ಕಾಫಿ ಲೋಟದೊಂದಿಗೆ, ಮುಖ ಗಂಟು ಹಾಕಿಕೊಂಡು. "ಏನಮ್ಮ, ಇಷ್ಟು ಹೊತ್ತಲ್ಲಿ?"

ಗುಂಡಿಯಕ್ಕ ಜೇಬಿಗೆ ಕೈ ಹಾಕುತ್ತಾರೆ. ಮೂರನೇ ಚೆಂಡನ್ನು ಅವರ ಕೈಗೆ ಕೊಡುತ್ತಾರೆ. ಅಧಿಕಾರಿ ಬಗ್ಗಿ ಅದನ್ನಿಟ್ಟು ಬಿಡುತ್ತಾರೆ. ಮೂವರೂ ನೋಡುತ್ತಾರೆ. ಗುಳುಂ.

"ಜಾಗ ಕಷ್ಟ ಇರ್ಲಿ ಅಂತಾನೇ ಇಟ್ಟಿದ್ದು," ಎನ್ನುತ್ತಾರೆ ಅವರು, ಕೊಳದ ಕಡೆ ನೋಡುತ್ತಲೇ.

"ಕಷ್ಟ ಇರ್ಲಿ ಸರ್, ಬೇಡ ಅಂತಿಲ್ಲ. ಚೆನ್ನಾಗಿ ಆಡಿದವನ ಚೆಂಡು ನಿಲ್ಲಬೇಕು, ಕೆಟ್ಟದಾಗಿ ಆಡಿದವನದ್ದು ನೀರಿಗೆ ಹೋಗ್ಬೇಕು. ಇಲ್ಲಿ ಇಬ್ಬರದ್ದೂ ನೀರಿಗೇ ಹೋಗುತ್ತೆ. ಅದು ಕಷ್ಟ ಅಲ್ಲ, ಮೋಸ."

ಅಧಿಕಾರಿ ಕಾಫಿಯ ಕೊನೆಯ ಗುಟುಕು ಕುಡಿಯುತ್ತಾರೆ. ಗಡಿಯಾರ ನೋಡುತ್ತಾರೆ. ಆಮೇಲೆ ತಾವೂ ಬೂಟು ಕಳಚುತ್ತಾರೆ. ಇಬ್ಬರೂ ಕಾಲುಚೀಲದಲ್ಲಿ ಆ ಇಳಿಜಾರಿನ ಮೇಲೆ ಅತ್ತಿತ್ತ ನಡೆದು, ಚುಕ್ಕೆಯಿಂದ ಎರಡು ಹೆಜ್ಜೆ ಮೇಲೆ ನಿಲ್ಲುತ್ತಾರೆ. ಅಲ್ಲಿ ಬಿಟ್ಟ ಇನ್ನೊಂದು ಚೆಂಡು ಹೊರಳಿ, ತಡವರಿಸಿ, ನಿಲ್ಲುತ್ತದೆ. ಆರೂ ಮೂವತ್ತೈದಕ್ಕೆ ಹಾಳೆಗಳನ್ನು ಬದಲಿಸಲು ಹೇಳಿ ಕಳುಹಿಸುತ್ತಾರೆ. ಒಂದು ಒಳ್ಳೆಯ ಮಾತಿಲ್ಲ. ಹೊರಡುವಾಗ, "ಹಳೇ ಗುಂಡಿ ಸರಿಯಾಗಿ ಮುಚ್ಚಿ," ಎನ್ನುತ್ತಾರೆ, ಅಷ್ಟೇ.

ಆಟ ಶುರುವಾದ ಮೇಲೆ ಕೆಲಸದವರು ಹುಲ್ಲಿನ ಮೇಲೆ ಕಾಣಿಸುವಂತಿಲ್ಲ. ಗುಂಡಿಯಕ್ಕ ಯಂತ್ರಗಳ ಶೆಡ್ಡಿನಲ್ಲಿ ಬಕೆಟ್ ಬೋರಲು ಹಾಕಿ ಕೂತು, ಗೋಡೆಯ ಸಣ್ಣ ಟೀವಿಯನ್ನು ಕಣ್ಣು ಮಿಟುಕಿಸದೆ ನೋಡುತ್ತಾರೆ. ಹದಿನಾರರಲ್ಲಿ ಒಂಬತ್ತು ಜನರ ಚೆಂಡು ಕೊಳಕ್ಕೆ ಬಿತ್ತು. ನಾಲ್ಕು ಜನ ಗುಂಡಿಯ ಪಕ್ಕದಲ್ಲೇ ನಿಲ್ಲಿಸಿದರು. ಅವರಲ್ಲೊಬ್ಬ ಗೆದ್ದ. ಗೆದ್ದವನು ತರಬೇತುದಾರನಿಗೆ, ಹೆಂಡತಿಗೆ, ಜನರಿಗೆ ಕೃತಜ್ಞತೆ ಹೇಳಿದ. ಮೈದಾನ ತುಂಬಾ ಕಠಿಣವಾಗಿತ್ತು ಎಂದ. ಗುಂಡಿಗಳ ಬಗ್ಗೆ ಒಂದು ಮಾತೂ ಬರಲಿಲ್ಲ.

"ಬರಲಿಲ್ಲ ಅಲ್ವಾ? ಸಾಕು," ಎಂದು ಅವರು ಏಳುತ್ತಾರೆ. ಆಸೆ ಏನಾದರೂ ಇದೆಯೇ ಎಂದು ಕೇಳಿದರೆ ಬಕೆಟ್ಟನ್ನು ನೆಟ್ಟಗಿಡುತ್ತಾ ಹೇಳುತ್ತಾರೆ. "ಹನ್ನೊಂದು ವರ್ಷ ಕೊರೆದಿದೀನಿ. ಪಂದ್ಯದ ದಿನ ಚೆಂಡು ಬೀಳೋ ಸದ್ದನ್ನ ಒಂದು ಸಲಾನೂ ಹತ್ತಿರ ನಿಂತು ಕೇಳಿಲ್ಲ. ನಮ್ಮವರನ್ನೂ ಕರ್ಕೊಂಡು ಬಂದು ಜನ ನಿಲ್ಲೋ ಹಗ್ಗದ ಆಚೆ ನಿಂತು ಒಂದು ಸಲ ಕೇಳ್ಬೇಕು."

ಸಂಜೆ ಜನ ಚದುರಿದ ಮೇಲೆ ಅವರು ಹದಿನಾರಕ್ಕೆ ಹೋಗಿ ಬಾವುಟ ಕೀಳುತ್ತಾರೆ, ಗುಂಡಿಯೊಳಗಿನ ಲೋಹದ ಬಟ್ಟಲನ್ನು ಕೊಕ್ಕೆ ಹಾಕಿ ಎತ್ತುತ್ತಾರೆ, ಬೇರೆಡೆ ಕೊರೆದು ತಂದ ಮಣ್ಣಿನ ಮುದ್ದೆಯನ್ನು ಹುಲ್ಲಿನ ಸಮೇತ ಇಳಿಸಿ, ಅಂಗೈಯಿಂದ ಒತ್ತಿ, ಪಾದದಿಂದ ಸವರುತ್ತಾರೆ. ಹಿಡಿ ಮಣ್ಣು ಹೆಚ್ಚಿಲ್ಲ, ಹಿಡಿ ಕಡಿಮೆಯಿಲ್ಲ. ಬಾವುಟ ಹೆಗಲಿಗೇರಿಸಿಕೊಂಡು ಹತ್ತು ಹೆಜ್ಜೆ ಬಂದಿರಬೇಕು, ಎದುರಿಗೆ ಅಧಿಕಾರಿ.

"ಮುಚ್ಚಿದ್ರಾ? ಎಲ್ಲಿ ತೋರಿಸಿ."

"ನೋಡಿ ಸರ್, ಅಲ್ಲೇ ಇದೆ."

ಅಧಿಕಾರಿ ಹೋಗಿ ಬಗ್ಗುತ್ತಾರೆ. ಮಂಡಿಯೂರುತ್ತಾರೆ. ಅಂಗೈಯನ್ನು ಹುಲ್ಲಿನ ಮೇಲೆ ಅತ್ತ ಆಡಿಸುತ್ತಾರೆ, ಇತ್ತ ಆಡಿಸುತ್ತಾರೆ. ಬೆಳಿಗ್ಗೆ ತಾವೇ ನಿಂತು ಕೊರೆಸಿದ ಜಾಗ.

"ಸಿಗ್ತಾ ಇಲ್ವಲ್ಲಮ್ಮ," ಎನ್ನುತ್ತಾರೆ ಕೊನೆಗೆ.

"ಸಿಗಬಾರದು ಸರ್," ಎನ್ನುತ್ತಾರೆ ಗುಂಡಿಯಕ್ಕ.