ಎಲ್ಲ ನರಕಗಳಿಗೂ ಬೇಕಾದ ಉಚ್ಚಂಗಮ್ಮ

ಹರಿಹರದಲ್ಲಿ ಕೂಸುಗಳಿಗೆ ನೀರೆರೆಯುತ್ತಿದ್ದ ಉಚ್ಚಂಗಮ್ಮ ಸತ್ತ ಮೇಲೆ ಒಳ್ಳೆಯ ಜಾಗಕ್ಕೆ ಹೋಗುವವಳಲ್ಲ ಎಂಬ ವಿಷಯದಲ್ಲಿ ಊರಿನ ಎಲ್ಲ ಮತದವರೂ ಒಂದಾಗಿದ್ದರು. ಅವರು ಒಂದಾಗಿದ್ದ ವಿಷಯ ಬಹುಶಃ ಅದೊಂದೇ.

ಬುಡನ್ ಸಾಬರ ಹೆಂಡತಿ ಮೊಮ್ಮಗಳನ್ನು ಅವಳ ಕಾಲ ಮೇಲೆ ಮಲಗಿಸುತ್ತಾ, "ನೀ ಭಾಳ ಛಲೋ ಹೆಂಗ್ಸು. ಆದ್ರೆ ಕಲ್ಮಾ ಓದದೋರಿಗೆ ದೋಜಖ್‌ನ ಬೆಂಕಿ ತಪ್ಪಲ್ಲ ನೋಡು" ಎಂದು ನಿಟ್ಟುಸಿರು ಬಿಡುತ್ತಿದ್ದಳು. ಲಿಂಗಾಯತರ ಕಸ್ತೂರಮ್ಮ, ಕೊರಳಲ್ಲಿ ಲಿಂಗವಿಲ್ಲದವಳೆಂದು, ಉಚ್ಚಂಗಮ್ಮ ಕೂತೆದ್ದ ಜಾಗಕ್ಕೆ ನೀರು ಚಿಮುಕಿಸುತ್ತಿದ್ದಳು. ಅವಳ ಕೈಯಲ್ಲೇ ಮಿಂದ ಕೂಸಿಗೆ ಮಾತ್ರ ಚಿಮುಕಿಸುತ್ತಿರಲಿಲ್ಲ, ಎಚ್ಚರವಾದೀತೆಂದು.

ಇಗರ್ಜಿ ಬೀದಿಯ ಆರೋಗ್ಯಮ್ಮನಂತೂ ಬಾಡಿಗೆ ಮನೆ ನೋಡಿ ಬಂದವಳ ಹಾಗೆ ನರಕವನ್ನು ಕೋಣೆ ಕೋಣೆಯಾಗಿ ವರ್ಣಿಸುತ್ತಿದ್ದಳು.

"ಒಬ್ಬಾಕಿ ಎಷ್ಟ್ ಕಡೆ ಹೋಗ್ಲಿ ಅಮ್ಮಾರೆ?" ಎನ್ನುತ್ತಿದ್ದಳು ಉಚ್ಚಂಗಮ್ಮ. "ನೀವೆಲ್ಲ ಕೂಡಿ ಒಂದು ತೀರ್ಮಾನ ಮಾಡ್ರಿ."

ಐವತ್ತೆಂಟರ ಮಳೆಗಾಲದಲ್ಲಿ ಆರೋಗ್ಯಮ್ಮನಿಗೆ ಮೊಮ್ಮಗ ಹುಟ್ಟಿದ. ಕೂಸಿಗೆ ಧರ್ಮದ ತಂದೆಯಾಗಿ ನಿಲ್ಲುವ ಜ್ಞಾನಪಿತ ದೂರದೂರಿನಿಂದ ಬರಬೇಕಾಗಿದ್ದರಿಂದ, ತಲೆಗೆ ನೀರು ಹಾಕಿ ಕ್ರೈಸ್ತನಾಗಿಸುವ ಜ್ಞಾನಸ್ನಾನ ಭಾನುವಾರಕ್ಕೆ ನಿಂತಿತ್ತು. ಅದಕ್ಕೆ ಮೊದಲೇ ಒಂದು ಬೆಳಿಗ್ಗೆ, ಮಗ ದಾವಣಗೆರೆಯ ಮಿಲ್ಲಿಗೆ, ಇಗರ್ಜಿಯ ಗುರುಗಳೂ ಅದೇ ಊರಿಗೆ ಹೋಗಿದ್ದಾಗ, ಬಚ್ಚಲಲ್ಲಿ ಉಚ್ಚಂಗಮ್ಮನ ಕಾಲ ಮೇಲಿದ್ದ ಕೂಸಿನ ಉಸಿರು ಸಿಕ್ಕಿಕೊಂಡಿತು. ತುಟಿ ನೀಲಿಗಟ್ಟಿತು. ಬಾಣಂತಿ ಕೋಣೆಯಲ್ಲಿ ಬವಳಿ ಬಂದು ಬಿದ್ದಿದ್ದಳು.

"ಜ್ಞಾನಸ್ನಾನ ಇಲ್ದಂಗ ಹೋದ್ರೆ ನನ್ ಕೂಸಿಗೆ ಸ್ವರ್ಗದ ಬಾಗ್ಲು ತೆಗೆಯಲ್ಲ" ಎಂದಳು ಆರೋಗ್ಯಮ್ಮ.

ಪ್ರಾಣಾಪಾಯದಲ್ಲಿ ಯಾರು ಬೇಕಾದರೂ, ಯಾವ ಮತದವರಾದರೂ ಅದನ್ನು ಕೊಡಬಹುದೆಂದು ಗುರುಗಳು ಹೇಳಿದ್ದು ಅವಳಿಗೆ ನೆನಪಾಯಿತು. ಅವಳ ಕೈಯೋ ವಾತದಿಂದ ನಡುಗುತ್ತಿತ್ತು, ಚೊಂಬು ನಿಲ್ಲುತ್ತಿರಲಿಲ್ಲ. ಉಳಿದವಳು ನರಕಕ್ಕೆ ಹೋಗುವವಳೊಬ್ಬಳೇ.

"ತಲಿ ಮ್ಯಾಲೆ ನೀರು ಹಾಕ್ತಾ ನಾ ಹೇಳ್ದಂಗ ಹೇಳವ್ವ."

"ಮೊದ್ಲು ಉಸ್ರು ಬರ್ಲಿ, ತಡೀರಿ."

"ಮೊದ್ಲು ನೀರು."

ಕೂಸನ್ನು ಮೊಣಕೈ ಮೇಲೆ ಬೋರಲು ಹಾಕಿ ಬೆನ್ನು ತಿಕ್ಕುತ್ತಿದ್ದ ಉಚ್ಚಂಗಮ್ಮನಿಗೆ ವಾದಕ್ಕೆ ಬಿಡುವಿರಲಿಲ್ಲ. ಅದೇ ಕೈಯಲ್ಲಿ ಬೆಚ್ಚನೆಯ ನೀರು ಮೊಗೆದು ತಲೆಗೆ ಹಾಕಿದಳು. "ಪಿತನ, ಸುತನ, ಪವಿತ್ರಾತ್ಮನ ಹೆಸರಿನಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ" ಎಂದು ಆರೋಗ್ಯಮ್ಮ ಹೇಳಿಕೊಟ್ಟ ಹಾಗೆ ಹೇಳುತ್ತಲೇ ಅಂಗಾಲು ತಟ್ಟಿದಳು. ಆ ಮೇಲೆ, ಎಲ್ಲ ಕೂಸಿಗೂ ಅನ್ನುವ ರೂಢಿಯಂತೆ, ತನ್ನ ದೇವಿಯನ್ನು ನೆನೆದು, "ಗುಡ್ಡದವ್ವ ಕಾಯ್ಲಪ್ಪ" ಎಂದೂ ಸೇರಿಸಿದಳು.

ಆ ಕ್ಷಣಕ್ಕೆ ಕೂಸು ಮೂಗಿನಿಂದ ಹಾಲು ಕಕ್ಕಿ, ಬೀದಿಗೆ ಕೇಳುವಂತೆ ಅತ್ತಿತು.

ಸಂಜೆ ಗುರುಗಳು ಎಲ್ಲ ಕೇಳಿ, "ಸರಿಯಾಗಿಯೇ ಆಗಿದೆ. ಮತ್ತೊಮ್ಮೆ ಕೊಡುವ ಹಾಗಿಲ್ಲ" ಎಂದರು.

"ಕಡೀಗೆ ಗುಡ್ಡದವ್ವ ಅಂದಿದ್ದು?" ಎಂದಳು ಆರೋಗ್ಯಮ್ಮ.

"ಅದು ಲೆಕ್ಕಕ್ಕಿಲ್ಲ."

"ಹಂಗಾರೆ ಸ್ವಾಮಿ, ಕೂಸಿಗೆ ಬಾಗ್ಲು ತೆಗೆಸಿದಾಕಿ ಎಲ್ಲಿಗೆ ಹೋಗ್ತಾಳೆ?"

ಗುರುಗಳಿಗೆ ಕಾಫಿ ಆರುತ್ತಿರುವುದು ನೆನಪಾಯಿತು.

ಮರುದಿನ ಆರೋಗ್ಯಮ್ಮ ತಾನೇ ಒಂದು ರಾಜಿ ತಂದಳು. "ಉಚ್ಚಂಗಿ, ನಿನ್ನನ್ನ ನರಕದ ಬಾಗ್ಲಾಗೇ ಕೂಡ್ರಿಸ್ತಾರೆ. ಬೆಂಕಿ ದೂರ ಇರ್ತೈತೆ."

"ದೂರ ಬ್ಯಾಡ್ರಿ ಅಮ್ಮಾರೆ" ಎಂದಳು ಉಚ್ಚಂಗಮ್ಮ, ಕೂಸಿನ ಕಂಕುಳಿಗೆ ಎಣ್ಣೆ ಹಚ್ಚುತ್ತಾ. "ಸ್ವರ್ಗದ ಬಾಗ್ಲು ತೆಗೀದಿರೋ ಕೂಸುಗಳು ಅಲ್ಲಿಗೇ ಬಂದಿದ್ರೆ, ಎರೆಯಾಕೆ ನೀರು ಕಾಯಿಸಬೇಕಾಗ್ತೈತೆ."

ನೀರೆರೆದಾದ ಮೇಲೆ ಆರೋಗ್ಯಮ್ಮ ಬಹಳ ಹೊತ್ತು ಮೊಮ್ಮಗನ ತಲೆ ಒರೆಸಿದಳು, ಒಣಗಿದ ಮೇಲೂ. ಆಮೇಲೆ, "ರೊಟ್ಟಿ ತಿಂದು ಹೋಗು" ಎಂದಳು.